ಮಾವನ ಲೂಪ್‌ಬ್ಯಾಕ್ ಭಜನೆ

ನಮ್ಮ ಸೋದರಮಾವನಿಗೆ ಕಿವಿ ಕೊಡುವಾಗ ದೇವರ ಲೆಕ್ಕ ಎಲ್ಲೋ ತಪ್ಪಿರಬೇಕು. ಹೊರಗೆ ಕಾಣುವುದು ಎರಡೇ. ಒಳಗೆ ಇನ್ನೂ ನಾಲ್ಕಾರು ಇವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಚನ್ನಗಿರಿಯ ತನ್ನ ಮನೆಯಲ್ಲಿ ಊಟ ಮಾಡಿ ಅಡ್ಡಾಗಿರುವಾಗಲೇ, ಪಕ್ಕದ ಬೀದಿಯಲ್ಲಿ ಯಾರ ಮನೆಯ ಫ್ಯಾನಿನ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲ. ಹೇಳಿ ಸುಮ್ಮನಾದರೆ ಪರವಾಗಿಲ್ಲ. ಎದ್ದು ಹೋಗಿ ಆ ಮನೆಯ ಬಾಗಿಲು ಬಡಿದು, ‘ನಿಮ್ಮ ಫ್ಯಾನು ಕಿರ್ ಅಂತೈತೆ, ಎಣ್ಣೆ ಬಿಡ್ರಿ’ ಎಂದು ಹೇಳಿ ಬಂದ ಮೇಲೆಯೇ ಅವನಿಗೆ ನಿದ್ದೆ. ಬಸ್ಸುಗಳನ್ನು ಹಾರ್ನಿನಿಂದ ಗುರುತಿಸುತ್ತಾನೆ, ನೆಂಟರನ್ನು ನಡೆಯುವ ಸದ್ದಿನಿಂದ. ನಾನು ಹೊನ್ನಾಳಿಯಿಂದ ಹೋಗಿ ಅಂಗಳಕ್ಕೆ ಕಾಲಿಟ್ಟರೆ ಸಾಕು, ತಲೆ ಎತ್ತದೆಯೇ, ‘ಬಾರವ್ವಾ, ಎಡಗಾಲಿನ ಚಪ್ಪಲಿ ಹೊಲಿಗೆ ಬಿಟ್ಟೈತೆ ನೋಡು’ ಎನ್ನುತ್ತಾನೆ. ನೋಡಿದರೆ ನಿಜವಾಗಿಯೂ ಬಿಟ್ಟಿರುತ್ತದೆ!

ಇಂಥವನು ಮಾಡುವ ಉದ್ಯೋಗವಾದರೂ ಏನು ಎಂದು ಕೇಳಬೇಡಿ. ಮೈಕ್‌ಸೆಟ್ ಅಂಗಡಿ. ಮದುವೆ, ಗೃಹಪ್ರವೇಶ, ಗಣಪತಿ, ಉರುಸು, ಚುನಾವಣೆ, ಯಾರ ಗಂಟಲಿಗೆ ಬಲ ಬೇಕಾದರೂ ಬಾಡಿಗೆಗೆ ಕೊಡುತ್ತಾನೆ. ಆದರೆ ನನ್ನ ಮದುವೆ ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ನಡೆದಾಗ, ಬೀಗರು ಮಾವನನ್ನು ಕೇಳದೆ ಬೇರೆ ಯಾರದೋ ಮೈಕ್‌ಸೆಟ್ ಹಾಕಿಸಿಬಿಟ್ಟಿದ್ದರು. ಆದರೂ ಮಾವ ಸೋದರಮಾವನ ಮರ್ಯಾದೆಗೆ ತಕ್ಕಂತೆ ಪೇಟ ಸುತ್ತಿಕೊಂಡು ವೇದಿಕೆಯ ಮೇಲೆ ನಿಂತಿದ್ದ. ಮುಹೂರ್ತ ಬಂತು. ನಮ್ಮವರು ತಾಳಿ ಹಿಡಿದು ನನ್ನ ಕೊರಳ ಹತ್ತಿರ ಬಂದಿದ್ದಾರೆ, ಜನ ಅಕ್ಷತೆ ಹಿಡಿದು ಕೈ ಎತ್ತಿದ್ದಾರೆ. ಆಗ ಮಾವ ಗಂಭೀರವಾಗಿ ಕೈ ಅಡ್ಡ ಹಿಡಿದ.

‘ಒಂದ್ನಿಮಿಷ ತಡೀರಿ.’

ಹುಡುಗಿಯ ಸೋದರಮಾವನೇ ತಾಳಿ ತಡೆದರೆ ಜನ ಏನೆಂದುಕೊಳ್ಳಬೇಕು? ಎತ್ತಿದ ಅಕ್ಷತೆ ಎಲ್ಲರ ಕೈಯಲ್ಲೇ ಉಳಿಯಿತು. ನಮ್ಮಮ್ಮ ನನ್ನ ತವರು ನ್ಯಾಮತಿಯಿಂದ ತಂದಿದ್ದ ಧೈರ್ಯವೆಲ್ಲ ಖಾಲಿಯಾಗಿ ಅಲ್ಲೇ ಕುಸಿದು ಕೂತಳು. ಮಾವ ನಿಧಾನವಾಗಿ ವೇದಿಕೆ ಇಳಿದು, ಆಂಪ್ಲಿಫೈಯರಿನ ಹಿಂದೆ ಬಗ್ಗಿ, ಒಂದು ವೈರು ಕಿತ್ತು ಇನ್ನೊಂದು ಕಡೆ ಸಿಕ್ಕಿಸಿ, ಪೇಟ ಸರಿಮಾಡಿಕೊಂಡು ಮೇಲೆ ಬಂದ. ‘ಅರ್ತಿಂಗ್ ಹೋಗಿತ್ತು, ಗುಂಯ್ ಅಂತಿತ್ತು. ಈಗ ಕಟ್ರಿ’ ಎಂದ. ನಮ್ಮವರು ಕಟ್ಟಿದರು. ಮದುವೆಯ ವಿಡಿಯೋದಲ್ಲಿ ಇವತ್ತಿಗೂ ಎಲ್ಲರ ಮುಖದಲ್ಲೂ ಗಾಬರಿ, ಸೌಂಡು ಮಾತ್ರ ಬಹಳ ಸ್ವಚ್ಛ.

ಇವನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ನಮ್ಮ ಅತ್ತೆಯ ಸಹನೆಗೆ ಯಾವ ಪ್ರಶಸ್ತಿ ಕೊಟ್ಟರೂ ಕಡಿಮೆಯೇ. ಕುಕ್ಕರು ಕೂಗಿದರೆ ‘ಶ್ರುತಿ ಇಳಿದೈತೆ, ರಬ್ಬರು ಬದ್ಲಿಸು’ ಎನ್ನುತ್ತಾನೆ. ಮಿಕ್ಸಿ ಹಾಕಿದರೆ ಎದ್ದು ಹೊರಗೆ ಹೋಗುತ್ತಾನೆ. ‘ನಿಮ್ಮ ಮಾವನಿಗೆ ಊರಾಗಿಂದೆಲ್ಲ ಕೇಳ್ತೈತೆ ಕಣೇ, ನಾನು ಕರೆದದ್ದು ಒಂದು ಬಿಟ್ಟು’ ಎನ್ನುವುದು ಅತ್ತೆಯ ಖಾಯಂ ಮಾತು.

ಮಾವನ ಕಿವಿಗೆ ನಿಜವಾದ ಹಬ್ಬವೆಂದರೆ ಸೋಮವಾರ ಸಂಜೆ. ಮನೆಗೆ ಅಂಟಿಕೊಂಡ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾರ್ನುಗಳನ್ನೂ ವೈರಿನ ಸಿಂಬಿಗಳನ್ನೂ ಮೂಲೆಗೆ ಒತ್ತರಿಸಿ ಚಾಪೆ ಹಾಸಿದರೆ ಅದೇ ಭಜನಾ ಮಂದಿರ. ಮಾವನದು ಹಾರ್ಮೋನಿಯಂ. ದಮ್ಮಡಿ ಬಾರಿಸಲು ಸಾಸ್ವೆಹಳ್ಳಿಯಿಂದ ಹಾಲಪ್ಪ ಬರುತ್ತಾನೆ. ಹಾಡಿನ ಕ್ರಮ ನಿಮಗೆ ಗೊತ್ತಿರಬಹುದು. ಒಬ್ಬರು ಮುಂದೆ ಒಂದು ಸಾಲು ಹೇಳಬೇಕು, ಉಳಿದವರೆಲ್ಲ ಹಿಂದಿನಿಂದ ಅದೇ ಸಾಲು ಹೇಳಬೇಕು. ಹಿಂದೆ ಹೇಳಲು ಏಳೆಂಟು ಜನ ಇದ್ದಾರೆ. ಮುಂದೆ ಹೇಳಲು ಇದ್ದವರು ಒಬ್ಬರೇ, ಕೆರೆಬಿಳಚಿಯ ಟೈಲರ್ ಬುಡೇನ್ ಸಾಬ್ರು. ಹಗಲೆಲ್ಲ ಹೊಲಿಗೆ ಮಿಷನ್ನು ತುಳಿದು, ಸಂಜೆ ಕುತ್ತಿಗೆಯ ಟೇಪನ್ನು ತೆಗೆಯಲೂ ಮರೆತು ಬಸ್ಸು ಹತ್ತಿ ಬಂದು, ಕಣ್ಣು ಮುಚ್ಚಿ ತತ್ವಪದ ಎತ್ತಿದರೆಂದರೆ ಅಂಗಡಿಯ ಮುಂದೆ ಬೈಕುಗಳು ನಿಲ್ಲುತ್ತಿದ್ದವು.

ಮಾವನ ಭಜನೆಯಲ್ಲಿ ಭಕ್ತಿಗಿಂತ ಶಿಸ್ತು ಜಾಸ್ತಿ. ಯಾರಾದರೂ ಕೂದಲೆಳೆಯಷ್ಟು ಹಿಂದೆ ಬಿದ್ದರೆ ಸಾಕು, ‘ನಿಲ್ಸ್ರಿ!’ ಎಂದು ಹಾರ್ಮೋನಿಯಂ ಮುಚ್ಚಿಬಿಡುತ್ತಿದ್ದ. ಮತ್ತೆ ಮೊದಲಿನಿಂದ. ಒಮ್ಮೆ ಒಂದೇ ಹಾಡನ್ನು ಹದಿಮೂರು ಸಲ ನಿಲ್ಲಿಸಿದ. ಶಿವ ಹದಿಮೂರು ಸಲ ಬಂದು ಹದಿಮೂರು ಸಲ ವಾಪಸು ಹೋಗಿರಬೇಕು. ‘ಏನಣ್ಣಾ, ದೇವ್ರೇ ಸುಮ್ನಿದಾನೆ, ನಿಂದೇನು?’ ಎಂದು ಹಾಲಪ್ಪ ಕೇಳಿದರೆ, ‘ದೇವ್ರಿಗೆ ಕಿವಿ ಇಲ್ಲ ಕಣೋ, ನನಗೆ ಐತೆ’ ಎಂದ ಮಹಾನುಭಾವ!

ಹೀಗೆ ನಡೆಯುತ್ತಿರುವಾಗ ಸಾಬ್ರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಕೆರೆಬಿಳಚಿಯಲ್ಲಿ ನೋಡಿಕೊಳ್ಳುವವರು ಇಲ್ಲದ್ದರಿಂದ ಮಗಳು ಫರ್ಜಾನಾ ಜಗಳೂರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಡಾಕ್ಟರು ದಿನಾ ಎಬ್ಬಿಸಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ ಎಂದಿದ್ದರು. ಸಾಬ್ರು ಏಳಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಹಾಗೆಯೇ ಮಲಗಿದರು. ಇತ್ತ ಮಾವ ಹಾರ್ಮೋನಿಯಂಗೆ ಬಟ್ಟೆ ಮುಚ್ಚಿದ. ‘ಸಾಬ್ರು ಬರೋವರ್ಗೂ ಹಾಲಪ್ಪ ಮುಂದೆ ಹೇಳ್ಲಿ’ ಎಂದು ಯಾರೋ ಅಂದದ್ದಕ್ಕೆ ಮಾವ ನೋಡಿದ ನೋಟಕ್ಕೆ ಹಾಲಪ್ಪ ತಾನು ಏನೂ ಅಂದಿಲ್ಲವೆಂದು ಆಣೆ ಮಾಡಿದ.

ಒಂದು ದಿನ ಫರ್ಜಾನಾ ಫೋನು ಮಾಡಿದಳು. ‘ಕಾಕಾ, ಅಬ್ಬಾ ಮಾತೇ ಬಿಟ್ಟವ್ರೆ. ಒಂದು ಪದನಾದ್ರೂ ಹೇಳ್ರಿ ಅಂದ್ರೆ, ಹಿಂದೆ ಹೇಳೋರು ಇಲ್ದೆ ಹೆಂಗೆ ಹೇಳ್ಲಿ ಅಂತಾರೆ. ಹಿಂಗೇ ಮಲಗಿದ್ರೆ ಮತ್ತೆ ಏಳಲ್ಲ ಅಂತಾರೆ ಡಾಕ್ಟ್ರು.’

ಮಾವ ಮಾರನೇ ದಿನವೇ ಟೆಂಪೋ ಮಾಡಿಕೊಂಡು ಇಡೀ ಮೇಳವನ್ನು ತುಂಬಿಕೊಂಡು ಜಗಳೂರಿಗೆ ಹೊರಟ. ದಾವಣಗೆರೆ ದಾಟಿ ಬಿಳಿಚೋಡು ತಲುಪುವಷ್ಟರಲ್ಲಿ ಇಬ್ಬರಿಗೆ ವಾಂತಿ, ಒಬ್ಬನಿಗೆ ತಲೆ ಸುತ್ತು. ಫರ್ಜಾನಾಳದು ಎರಡು ಕೋಣೆಯ ಮನೆ. ಅರ್ಧ ಮೇಳ ಬೀದಿಯಲ್ಲಿ ನಿಂತಿತು. ಬೆಳಗ್ಗೆ ಹೊರಟವರು ವಾಪಸು ಮನೆ ಸೇರುವಷ್ಟರಲ್ಲಿ ಯಾರಿಗೂ ಹಾಡಿದ ನೆನಪೇ ಇರಲಿಲ್ಲ. ಎಲ್ಲರಿಗೂ ಅರವತ್ತು ದಾಟಿದೆ. ಇದು ವಾರ ವಾರ ಆಗುವ ಕೆಲಸವಲ್ಲ ಎಂದು ಮಾವನಿಗೂ ಗೊತ್ತಾಯಿತು.

ಆಗ ನನ್ನನ್ನು ಕರೆಸಿದ. ನಾನು ಹೈಸ್ಕೂಲಿನಲ್ಲಿ ಟೀಚರು. ‘ನೀನು ಕೊರೋನಾದಾಗ ಆನ್‌ಲೈನ್ ಪಾಠ ಮಾಡಿದ್ಯಲ್ಲ, ಹಂಗೆ ಭಜನೆ ಮಾಡಾಕೆ ಬರಲ್ವಾ?’ ಎಂದು ಕೇಳಿದ. ಬರುತ್ತದೆ ಎಂದೆ. ಈ ಒಂದು ಮಾತಿಗಾಗಿ ನಾನು ಮುಂದೆ ಆರು ತಿಂಗಳು ಪಶ್ಚಾತ್ತಾಪ ಪಟ್ಟೆ.

ಮೊದಲ ಸೋಮವಾರ ಕಂಪ್ಯೂಟರಿನಲ್ಲಿ ವಿಡಿಯೋ ಕರೆ ಹಚ್ಚಿ, ಮಾವ ಹಾರ್ಮೋನಿಯಂ ಬಾರಿಸಿದ. ಅತ್ತ ಫರ್ಜಾನಾ, ‘ಕಾಕಾ, ಶುರು ಮಾಡ್ರಿ’ ಎಂದಳು. ಮಾವ ಇನ್ನಷ್ಟು ಜೋರಾಗಿ ಬಾರಿಸಿದ. ‘ಶುರು ಮಾಡ್ರಿ ಕಾಕಾ’ ಎಂದು ಅವಳು ಮತ್ತೆ ಅಂದಳು. ವಿಷಯವೇನೆಂದರೆ, ಈ ವಿಡಿಯೋ ಕರೆಯ ಆ್ಯಪು ಮನುಷ್ಯರ ಮಾತನ್ನು ಮಾತ್ರ ಉಳಿಸಿ, ಬೇಡದ ಗದ್ದಲವನ್ನೆಲ್ಲ ತಾನೇ ಒರೆಸಿ ಹಾಕುತ್ತದೆ. ಅದು ಮಾವನ ಹಾರ್ಮೋನಿಯಂ ಅನ್ನು ಗದ್ದಲ ಎಂದು ತೀರ್ಮಾನಿಸಿತ್ತು. ಅಡುಗೆಮನೆಯಿಂದ ಓಡಿ ಬಂದ ಅತ್ತೆ ಕಂಪ್ಯೂಟರಿನ ಮುಂದೆ ನಿಂತು ಎರಡೂ ಕೈ ಮುಗಿದಳು. ‘ಮೂವತ್ತು ವರ್ಷದಿಂದ ನಾನು ಹೇಳಿದ್ದನ್ನ ಇದು ಒಂದೇ ದಿನಕ್ಕೆ ಕಂಡುಹಿಡೀತಲ್ಲ!’

ನಾನು ಆ ಒರೆಸುವ ಕೆಲಸವನ್ನು ನಿಲ್ಲಿಸುವುದು ಹೇಗೆಂದು ತೋರಿಸಿಕೊಟ್ಟೆ. ಆದರೆ ಅವಮಾನವಾಗಿತ್ತಲ್ಲ, ಮಾವನಿಗೆ ಹಟ ಬಂತು. ಎರಡು ವಾರದಲ್ಲಿ ಕೊರಿಯರಿನಲ್ಲಿ ಒಂದು ಕರಿ ಡಬ್ಬಿ ಬಂತು. ಆಡಿಯೋ ಇಂಟರ್‌ಫೇಸ್. ಮೈಕುಗಳ ಸದ್ದನ್ನು ಕಂಪ್ಯೂಟರಿಗೆ, ಕಂಪ್ಯೂಟರಿನ ಸದ್ದನ್ನು ಹೆಡ್‌ಫೋನಿಗೆ ದಾಟಿಸುವ ಯಂತ್ರ. ಅದರಲ್ಲಿ ಲೂಪ್‌ಬ್ಯಾಕ್ ಎಂಬ ಒಂದು ಗುಂಡಿ ಇತ್ತು, ಮಾವ ಮನಸೋತದ್ದು ಆ ಗುಂಡಿಗೆ. ‘ಕಂಪ್ಯೂಟ್ರು ತನ್ನ ಬಾಯಾಗೆ ಏನು ಹಾಡ್ತೈತೋ ಅದನ್ನ ಅದರ ಕಿವಿಗೇ ವಾಪಸು ಹಾಕ್ತೈತೆ. ಮೈಕಿನದ್ದೂ ಅದೂ ಕೂಡಿ ಒಟ್ಟಿಗೆ ಜಗಳೂರಿಗೆ ಹೋಗ್ತದೆ’ ಎಂದು ಅತ್ತೆಗೆ ವಿವರಿಸಿದ. ಅತ್ತೆ ಒಂದು ಕ್ಷಣ ಯೋಚಿಸಿ, ‘ಅಂದ್ರೆ ನಾನು ಎದುರುಮನೆಯಾಕೆಗೆ ಹೇಳಿದ ಸುದ್ದಿ ಸಂಜೆಗೆ ನನಗೇ ಬಂದು ಮುಟ್ಟೋದಿಲ್ವಾ, ಹಂಗೆ’ ಎಂದಳು. ಇದಕ್ಕಿಂತ ಚೆನ್ನಾಗಿ ಲೂಪ್‌ಬ್ಯಾಕನ್ನು ಯಾರಾದರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ಡಬ್ಬಿ ಹಚ್ಚಿದ ಮೊದಲ ಸೋಮವಾರ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಮ್ಮ ಮೈಕುಗಳನ್ನೆಲ್ಲ ಬಂದ್ ಇಟ್ಟು ಮಾವ ಇನ್ನೂ ವೈರು ಸಿಕ್ಕಿಸುತ್ತಿದ್ದ. ಹಾಲಪ್ಪನೂ ಮೇಳದವರೂ ಚಹಾ ಕುಡಿಯುತ್ತ ಕೂತಿದ್ದರು. ಅತ್ತ ಫರ್ಜಾನಾ ಸಾಬ್ರ ಕಿವಿಗೆ ಹೆಡ್‌ಫೋನು ಹಾಕಿ, ‘ಅಬ್ಬಾ, ಎಲ್ಲ ರೆಡಿ ಅಂತೆ, ಒಂದು ಸಾಲು ಹೇಳಿ ನೋಡ್ರಿ’ ಎಂದಿದ್ದಾಳೆ. ಸಾಬ್ರು ಮಲಗಿಕೊಂಡೇ ಒಲ್ಲದ ಮನಸ್ಸಿನಿಂದ ಒಂದು ಸಾಲು ಹೇಳಿದರು. ಅವರ ದನಿ ನಮ್ಮ ಕಂಪ್ಯೂಟರಿಗೆ ಬಂದು, ಲೂಪ್‌ಬ್ಯಾಕ್ ಗುಂಡಿ ಒತ್ತಿದ್ದರಿಂದ ಹಾಗೆಯೇ ತಿರುಗಿ ಅವರ ಕಿವಿಗೇ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ‘ಏನಿದು, ನನ್ನ ದನಿ ನನಗೇ ಕೇಳ್ತದೆ’ ಎಂದು ಗೊಣಗುತ್ತಿದ್ದರು. ಸಾಬ್ರು ನಲವತ್ತು ವರ್ಷ ಭಜನೆಯಲ್ಲಿ ಬೆಳೆದವರು. ತಾವು ಹೇಳಿದ ಸಾಲು ಮತ್ತೆ ಕೇಳಿಸಿದರೆ ಅವರ ಮಟ್ಟಿಗೆ ಅದು ಹಿಮ್ಮೇಳ! ಎರಡನೇ ಸಾಲು ಹೇಳಿದರು. ಅದೂ ತಿರುಗಿ ಬಂತು. ಸಾಬ್ರು ಮೊಣಕೈ ಊರಿ ಅರ್ಧ ಎದ್ದರು. ಮೂರನೆಯದಕ್ಕೆ ಎದ್ದೇ ಕೂತರು. ನಾವು ಚಹಾದ ಲೋಟ ಹಿಡಿದುಕೊಂಡು ಪರದೆಯನ್ನು ನೋಡುತ್ತ ಕೂತೇ ಇದ್ದೆವು, ಅವರು ಪೂರ್ತಿ ಪದ ಮುಗಿಸಿದರು.

ಮುಗಿಸಿ ಹೇಳಿದರು, ‘ಹಿಮ್ಮೇಳ ಬಾಳ ಚಲೋ ಬಂತು ಇವತ್ತು. ಯಾವನೋ ಹೊಸಬ ಸೇರ್ಯಾನಲ್ಲ, ಕಂಠ ಬಂಗಾರದಂಗೈತೆ ಅವಂದು. ಅವನನ್ನ ಬಿಡಬ್ಯಾಡ್ರಿ.’

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಫರ್ಜಾನಾ ಮಾತ್ರ ನಗಲಿಲ್ಲ. ‘ಕಾಕಾ, ಅಬ್ಬಾ ಎದ್ದು ಕೂತವ್ರೆ’ ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಷ್ಟಕ್ಕೇ ಬಿಡಬಹುದಿತ್ತು. ಆ ಬಂಗಾರದ ಕಂಠದ ಹೊಸಬನನ್ನೇ ಇಟ್ಟುಕೊಂಡು ಹೇಗೋ ಸಾಗಿಸೋಣ ಎಂದು ಹಾಲಪ್ಪನೂ ಹೇಳಿದ. ಮಾವ ಒಪ್ಪಲಿಲ್ಲ. ‘ಅವನ ದನಿನ ಅವನಿಗೇ ಕೊಟ್ಟು ಮೇಳ ಅನ್ನೋದು ಮೋಸ ಕಣ್ರೋ. ನಾವು ಇಷ್ಟು ಜನ ಇದ್ದೂ ಅವ್ನು ಒಬ್ನೇ ಹಾಡಬೇಕಾ?’ ಎಂದ. ಆವತ್ತಿನಿಂದ ಮಾವನಿಗೆ ಊಟ ನಿದ್ದೆ ಬೇಡವಾಯಿತು. ಸಾಬ್ರ ದನಿ ಮಾತ್ರ ಆ ಲೂಪ್‌ಬ್ಯಾಕಿನಲ್ಲಿ ಸೇರದೆ ಬೇರೆ ದಾರಿಯಲ್ಲಿ ತನ್ನ ಹೆಡ್‌ಫೋನಿಗೆ ಬರುವಂತೆ ಮಾಡಿದ. ಸದ್ದಿನಲ್ಲಿ ಚರ್ ಚರ್ ಎಂದು ಎಣ್ಣೆಯಲ್ಲಿ ಬೋಂಡಾ ಬೇಯುವಂಥ ಶಬ್ದ ಬರುತ್ತಿತ್ತು. ಮೂರು ವಾರ ಅದರ ಬೆನ್ನು ಹತ್ತಿ, ಸದ್ದನ್ನು ಅಳೆಯುವ ವೇಗಕ್ಕೆ ಡಬ್ಬಿಯಲ್ಲಿ ಒಂದು ಅಂಕಿಯೂ ಕಂಪ್ಯೂಟರಿನಲ್ಲಿ ಇನ್ನೊಂದು ಅಂಕಿಯೂ ಇದ್ದದ್ದನ್ನು ಕಂಡುಹಿಡಿದು ಎರಡನ್ನೂ ಒಂದು ಮಾಡಿದ. ಆ ದಿನ ಅತ್ತೆ ಸಂಭ್ರಮಕ್ಕೆ ಪಾಯಸ ಮಾಡಿದಳು. ಚರ್ ಚರ್ ನಿಂತದ್ದಕ್ಕಲ್ಲ, ಆ ಮೂರು ವಾರ ಬಂದ್ ಆಗಿದ್ದ ಮಿಕ್ಸಿ ಹಾಕಲು ಅನುಮತಿ ಸಿಕ್ಕ ಸಂಭ್ರಮಕ್ಕೆ.

ಅತ್ತೆಯೂ ಈ ಡಬ್ಬಿಯ ಚರಿತ್ರೆಗೆ ತನ್ನ ಕಾಣಿಕೆ ಸಲ್ಲಿಸಿದ್ದಾಳೆ. ಲೂಪ್‌ಬ್ಯಾಕ್ ಎಂದ ಮೇಲೆ ಕಂಪ್ಯೂಟರಿನಲ್ಲಿ ಏನು ಸದ್ದಾದರೂ ಅದು ಜಗಳೂರಿಗೆ ಹೋಗುತ್ತದೆ. ಒಂದು ಸೋಮವಾರ ಅತ್ತೆ ಮಧ್ಯಾಹ್ನ ಅರ್ಧ ನೋಡಿದ ಧಾರಾವಾಹಿಯನ್ನು ಕಂಪ್ಯೂಟರಿನಲ್ಲಿ ಹಾಗೆಯೇ ನಿಲ್ಲಿಸಿಟ್ಟಿದ್ದಳು. ಭಜನೆಯ ನಡುವೆ ಮಾವನ ಕೈ ಯಾವ ಗುಂಡಿಗೆ ತಾಗಿತೋ, ದೇಹ ನಶ್ವರ ಎಂಬ ಅರ್ಥದ ಸಾಲಿನ ಬೆನ್ನಿಗೇ ಒಬ್ಬ ಹೆಂಗಸಿನ ದನಿ, ‘ಹೇಳು, ಈ ಮಗುವಿನ ತಂದೆ ಯಾರು?’ ಎಂದು ಗುಡುಗಿತು. ಮಾವ ತಡಬಡಾಯಿಸಿ ನಿಲ್ಲಿಸಿದ. ಸಾಬ್ರು ಆ ವಾರ ಏನೂ ಕೇಳಲಿಲ್ಲ. ಮುಂದಿನ ಸೋಮವಾರ ಹೆಡ್‌ಫೋನು ಹಾಕಿಕೊಂಡವರೇ ಮೊದಲು ಕೇಳಿದ್ದು, ‘ಅಲ್ಲಪ್ಪಾ, ತಂದೆ ಯಾರು ಅಂತ ಗೊತ್ತಾತೇನು?’

ಇಷ್ಟೆಲ್ಲ ಆದರೂ ದೊಡ್ಡ ತೊಡಕು ಉಳಿದೇ ಇತ್ತು. ಸದ್ದು ಚನ್ನಗಿರಿಯಿಂದ ಜಗಳೂರಿಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಸಾಬ್ರು ಹಾರ್ಮೋನಿಯಂಗೆ ಕಾಯುತ್ತಿದ್ದರು, ಮಾವ ಸಾಬ್ರಿಗೆ ಕಾಯುತ್ತಿದ್ದ. ಇಬ್ಬರೂ ಮರ್ಯಾದಸ್ತರು. ಒಬ್ಬರಿಗೊಬ್ಬರು ಕಾದು ಕಾದು ಹಾಡು ನಿಧಾನವಾಗುತ್ತ ಆಗುತ್ತ, ಎರಡನೇ ನುಡಿಗೆ ಬರುವಷ್ಟರಲ್ಲಿ ಹಾಲಪ್ಪನಿಗೆ ಎರಡು ಏಟಿನ ನಡುವೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಪುರಸೊತ್ತು ಸಿಗುತ್ತಿತ್ತು. ಕೊನೆಗೆ ಮಾವ ಒಂದು ಉಪಾಯ ಹೂಡಿದ. ಭಾನುವಾರವೇ ಹಾರ್ಮೋನಿಯಂ ಮತ್ತು ದಮ್ಮಡಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಸೋಮವಾರ ಅದನ್ನು ಕಂಪ್ಯೂಟರಿನಿಂದ ಲೂಪ್‌ಬ್ಯಾಕಿನಲ್ಲಿ ಕಳಿಸುವುದು. ಯಂತ್ರ ಯಾರಿಗೂ ಕಾಯುವುದಿಲ್ಲವಲ್ಲ! ಮೇಳದವರು ಸಾಬ್ರ ದನಿ ಕೇಳಲೇಬಾರದು, ಕೇಳಿದರೆ ಕಾಯುತ್ತಾರೆ. ಅದಕ್ಕೆ ಹಾಡಿನ ಹೊತ್ತಿಗೆ ಸ್ಪೀಕರ್ ಬಂದ್, ಮೇಳದವರ ಕಿವಿಗೆ ರೆಕಾರ್ಡು ಮಾತ್ರ ಕೇಳುವ ಇಯರ್‌ಫೋನು. ಸಾಬ್ರ ದನಿ ಮಾವನ ಹೆಡ್‌ಫೋನಿಗೆ ಮಾತ್ರ. ಮಾವ ರೆಕಾರ್ಡಿನ ತಾಳ ಎಣಿಸಿ ಕೆಂಪು ಟವೆಲ್ ಎತ್ತಿದಾಗ ಮೇಳದವರು ಹಿಮ್ಮೇಳದ ಸಾಲು ಹೇಳಬೇಕು, ಇಳಿಸಿದಾಗ ಬಾಯಿ ಮುಚ್ಚಬೇಕು.

‘ರೈಲ್ವೆ ಗೇಟಿನಾಗೆ ಬಾವುಟ ತೋರಿಸ್ದಂಗೆ ಐತಲ್ಲಣ್ಣಾ’ ಎಂದು ಹಾಲಪ್ಪ ಗೊಣಗಿದ. ಆದರೆ ಭಜನೆ ನಡೆಯಿತು. ವಾರ ತಪ್ಪದೆ ನಡೆಯಿತು. ಹಾಡು ಮುಗಿದ ಮೇಲೆ ಸ್ಪೀಕರ್ ಹಾಕಿ ಎಲ್ಲರೂ ಸಾಬ್ರ ಜೊತೆ ಹರಟೆ ಹೊಡೆಯುತ್ತಿದ್ದರು. ಸಾಬ್ರ ದನಿಯಲ್ಲಿ ಕಸುವು ಬಂದಿತ್ತು.

ಒಂದು ಸೋಮವಾರ ನಾನು ಚನ್ನಗಿರಿಯಲ್ಲಿದ್ದೆ. ಸಾಬ್ರ ಹಾಡು ಕೇಳುವ ಆಸೆಯಿಂದ, ಭಜನೆಯ ನಡುವೆ ಮಾವನ ಹೆಡ್‌ಫೋನಿನ ಒಂದು ಬದಿಯನ್ನು ಎಳೆದು ನನ್ನ ಕಿವಿಗೆ ಇಟ್ಟುಕೊಂಡೆ. ಅಯ್ಯೋ ದೇವರೇ! ಹಾರ್ಮೋನಿಯಂ ಒಂದು ದಾರಿ, ಸಾಬ್ರು ಇನ್ನೊಂದು ದಾರಿ. ದಮ್ಮಡಿಯ ಏಟು ಬಿದ್ದು ಒಂದು ಸೆಕೆಂಡಾದ ಮೇಲೆ ಸಾಬ್ರ ಅಕ್ಷರ ಬರುತ್ತಿತ್ತು. ಸಾಬ್ರು ಒಂದು ಸಾಲನ್ನು ಇನ್ನೂ ಹೇಳುತ್ತಿರುವಾಗಲೇ ಮೇಳದವರು ಅದನ್ನು ಹಿಂದಿನಿಂದ ಎತ್ತಿಕೊಂಡುಬಿಡುತ್ತಿದ್ದರು. ಸಂತೆಯಲ್ಲಿ ನಿಂತಂತಾಯಿತು. ಮಾವನ ಮುಖ ನೋಡಿದೆ. ಕೂದಲೆಳೆ ತಪ್ಪಿದರೆ ಹಾರ್ಮೋನಿಯಂ ಮುಚ್ಚುತ್ತಿದ್ದ ಮನುಷ್ಯ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಟವೆಲ್ ಎತ್ತುತ್ತ ಇಳಿಸುತ್ತ ಕೂತಿದ್ದಾನೆ. ‘ನಿಲ್ಸ್ರಿ’ ಎನ್ನಲಿಲ್ಲ. ಒಂದು ಸಲವೂ ಅನ್ನಲಿಲ್ಲ.

ನನಗೆ ಗಾಬರಿಯಾಯಿತು. ಅಡುಗೆ ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆಯ ಮುಖ ಸಪ್ಪಗಾಯಿತು. ‘ಮೊನ್ನೆ ಕುಕ್ಕರು ಕೂಗಿದ್ರೂ ಏನೂ ಅನ್ನಲಿಲ್ಲ ಕಣೇ. ಕಿವಿ ಹೋಯ್ತೇನೋ’ ಎಂದಳು. ಮೂವತ್ತು ವರ್ಷ ಆ ಕಿವಿಯನ್ನು ಬೈದವಳ ಕಣ್ಣಲ್ಲಿ ನೀರು! ಇಬ್ಬರೂ ಸೇರಿ ಇಲ್ಲದ ನೆಪ ಹೇಳಿ ಮಾವನನ್ನು ದಾವಣಗೆರೆಯ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಅರ್ಧ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, ‘ನಿಮ್ಮ ಯಜಮಾನರದ್ದು ಇಪ್ಪತ್ತೈದು ವರ್ಷದವರ ಕಿವಿ ಕಣಮ್ಮ’ ಎಂದರು. ಅವರ ಹಿಂದಿನಿಂದ ಮಾವ ತಲೆ ಹಾಕಿದ. ‘ನನ್ನ ಕಿವಿ ಸರಿ ಐತೆ ಸಾರ್. ನಿಮ್ಮ ಮಿಷಿನ್ದು ಎಡಗಡೆ ಸ್ವಲ್ಪ ಕಮ್ಮಿ ಬರ್ತೈತೆ. ಪಿನ್ ಬಿಚ್ಚಿ ಒರೆಸ್ಬೇಕು.’ ಹದಿನೈದು ನಿಮಿಷದ ನಂತರ ನೋಡಿದರೆ ಡಾಕ್ಟರೂ ಮಾವನೂ ಸೇರಿ ಪಿನ್ ಒರೆಸುತ್ತಿದ್ದರು.

ಹಾಗಾದರೆ ಕಿವಿ ಸರಿಯಾಗಿದ್ದೂ ಆ ಗೊಂದಲವನ್ನು ಹೇಗೆ ಸಹಿಸುತ್ತಾನೆ? ಕೇಳಿದರೆ, ‘ನಿಂಗೆ ತಿಳಿಯಲ್ಲ ಹೋಗವ್ವಾ’ ಎಂದು ಮಾತು ಹಾರಿಸಿದ. ವಯಸ್ಸಾಯಿತು, ಹಟ ಇಳಿದಿದೆ, ಸಾಕಾಗಿ ಕೈಬಿಟ್ಟಿದ್ದಾನೆ ಎಂದು ನಾನು ನನಗೆ ತಿಳಿದಂತೆ ತೀರ್ಮಾನಿಸಿಕೊಂಡೆ.

ಕಳೆದ ತಿಂಗಳು ಶಿಕ್ಷಕರ ತರಬೇತಿಗೆಂದು ಜಗಳೂರಿಗೆ ಹೋಗಬೇಕಾಯಿತು. ಸೋಮವಾರ. ತರಬೇತಿ ಮುಗಿಸಿ, ಬಾಳೆಹಣ್ಣು ಬಿಸ್ಕೀಟು ಹಿಡಿದುಕೊಂಡು ಫರ್ಜಾನಾಳ ಮನೆಗೆ ಹೋದೆ. ಸಾಬ್ರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಟೋಪಿ, ಟೋಪಿಯ ಮೇಲೆ ಮಾವ ಕಳಿಸಿದ ಹೆಡ್‌ಫೋನು. ‘ಸೋಮವಾರ ಅಂದ್ರೆ ಬೆಳಗ್ಗೆನೇ ವಾಕರ್ ಹಿಡ್ಕೊಂಡು ತಾವೇ ಬಚ್ಚಲಿಗೆ ಹೋಗಿ ರೆಡಿ ಆಗ್ತಾರೆ’ ಎಂದು ಫರ್ಜಾನಾ ನನ್ನ ಕಿವಿಯಲ್ಲಿ ಹೇಳಿ, ತಾನು ಕೇಳಲು ಇಟ್ಟುಕೊಂಡಿದ್ದ ಇನ್ನೊಂದು ಹೆಡ್‌ಫೋನನ್ನು ನನಗೆ ಕೊಟ್ಟಳು.

ಕರೆ ಬಂತು. ಹಾರ್ಮೋನಿಯಂ ಶುರುವಾಯಿತು, ದಮ್ಮಡಿ ಸೇರಿತು. ಒಂದು ಚೂರು ಗುಂಯ್ ಇಲ್ಲ, ಚರ್ ಇಲ್ಲ. ಸಾಬ್ರು ತೊಡೆಯ ಮೇಲೆ ತಾಳ ಹಾಕುತ್ತ ಎದುರಿಗೇ ಹಾಡಿದರು. ಅವರ ಅಕ್ಷರ ಸರಿಯಾಗಿ ದಮ್ಮಡಿಯ ಏಟಿನ ಮೇಲೆ ಬಂದು ಕೂತಿತು. ಸಾಲು ಮುಗಿಯಿತು. ಮುಗಿದ ಆ ಕ್ಷಣಕ್ಕೇ, ಹಿಂದೆಯೂ ಅಲ್ಲ ಮುಂದೆಯೂ ಅಲ್ಲ, ಚನ್ನಗಿರಿಯ ಏಳೆಂಟು ದನಿಗಳು ಒಟ್ಟಿಗೆ ಎದ್ದು ಅದೇ ಸಾಲು ಹೇಳಿದವು. ಮಾವನ ಅಂಗಡಿಯ ಕೋಣೆಯಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಹಾಡಿದ ಹಾಗಿತ್ತು. ಅಲ್ಲಿ ಮಾವ ಟವೆಲ್ ಎತ್ತುತ್ತಿದ್ದದ್ದು ಯಾರ ಕಿವಿಗಾಗಿ ಎಂದು ಹಾಡು ಮುಗಿಯುವಷ್ಟರಲ್ಲಿ ನನಗೆ ಅರ್ಥವಾಗಿತ್ತು.

ಭಜನೆ ಮುಗಿದು, ಹರಟೆ ಮುಗಿದು, ಕರೆ ಕಟ್ಟಾಯಿತು. ಸಾಬ್ರು ಹೆಡ್‌ಫೋನು ತೆಗೆದು ನನ್ನ ಕಡೆ ನೋಡಿದರು.

‘ನೀನು ಅಲ್ಲಿಗೂ ಹೋಗ್ತೀಯಲ್ಲವ್ವಾ. ಅಲ್ಲೂ ಹಿಂಗೇ ಕೇಳ್ತೈತಾ?’

ನಾನು ನನ್ನ ಹೆಡ್‌ಫೋನಿನ ವೈರು ಸುತ್ತತೊಡಗಿದೆ.

‘ಖರೇ ಹೇಳು. ಯಂತ್ರದ ವಿಷಯ, ನನಗೆ ತಿಳಿಯಲ್ಲ. ಅಲ್ಲಿ ಕೆಟ್ಟು ಕೇಳ್ತಿದ್ರೆ ಇವತ್ತಿಗೇ ನಿಲ್ಸಿಬಿಡ್ತೀನಿ. ನಿನ್ನ ಮಾವನ ಕಿವಿ ಎಂಥದ್ದು ಅಂತ ನನಗೆ ಗೊತ್ತೈತೆ. ಆ ಕಿವಿಗೆ ತ್ರಾಸು ಕೊಟ್ಟು ನಾನು ಹಾಡಲ್ಲ.’

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಸತ್ಯವನ್ನೇ ಹೇಳಿ ಎಂದು ಪಾಠ ಮಾಡಿದವಳು ನಾನು. ‘ಹಿಂಗೇ ಕೇಳ್ತೈತೆ ಸಾಬ್ರೇ. ಇದಕ್ಕಿಂತ ಒಂದು ಕೈ ಮೇಲೇ’ ಎಂದೆ.

ಸಾಬ್ರ ಮುಖ ಅರಳಿತು. ‘ಹಂಗಾದ್ರೆ ಮುಂದಿನ ವಾರದಿಂದ ಎರಡು ಪದ ಜಾಸ್ತಿ ಹೇಳ್ತೀನಿ ಅಂತ ಹೇಳು ನಿನ್ನ ಮಾವಂಗೆ’ ಎಂದವರೇ ವಾಕರ್ ಹಿಡಿದು ಎದ್ದು, ನನ್ನನ್ನು ಬಾಗಿಲ ತನಕ ಕಳಿಸಿಕೊಡಲು ಬಂದರು.

ಬಸ್‌ಸ್ಟ್ಯಾಂಡಿನಿಂದ ಮಾವನಿಗೆ ಫೋನು ಮಾಡಿದೆ. ‘ಮಾವ, ಇಲ್ಲಿ ಎಲ್ಲ ಸರಿಯಾಗಿ ಕೇಳ್ತೈತೆ. ಅಲ್ಲಿ ನಿಂಗೆ ಹೆಂಗೆ ಕೇಳಿಸ್ತೈತೆ ಅಂತ ಸಾಬ್ರು ಕೇಳಿದ್ರು. ನಾನು ಸುಳ್ಳು ಹೇಳ್ದೆ’ ಎಂದೆ.

‘ಒಳ್ಳೇದು ಮಾಡ್ದೆ’ ಎಂದ. ‘ಎರಡೂ ಕಡೆ ಸರಿ ಮಾಡಾಕೆ ಬರಲ್ಲವ್ವಾ. ಒಂದು ಕಡೆ ಸರಿ ಹೋದ್ರೆ ಇನ್ನೊಂದು ಕಡೆ ಕೆಡ್ತೈತೆ. ಕೆಡೋದು ನನ್ನ ಕಡೆ ಇರ್ಲಿ.’

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಂಡು, ಮುಂದಿನ ವಾರದಿಂದ ಸಾಬ್ರು ಎರಡು ಪದ ಜಾಸ್ತಿ ಹೇಳುತ್ತಾರಂತೆ ಎಂದು ತಿಳಿಸಿದೆ.

‘ಎರಡೇ ಯಾಕಂತೆ?’ ಎಂದ ಮಾವ. ‘ನಾಲ್ಕು ಹೇಳ್ಲಿ.’